ಆ ನೀಲಿ ಮುದುಕ ಗಿಟಾರ್ ಬಾರಿಸ್ತಿದ್ದಾನೋ, ಸುಮ್ನೆ ಹಿಡ್ಕೊಂಡಿದ್ದಾನೋ?

ಮಿಶಿಗನ್_ಬೀದಿ
ಹೋದ ತಿಂಗಳು ಅಪ್ಪ ಅಮ್ಮ ಇಲ್ಲಿಗೆ ಬಂದಿದ್ರು. ಶಿಕಾಗೋವರೆಗೂ ಬಂದು ವಿವೇಕಾನಂದರು ಮಾತಾಡಿದ ಜಾಗ ನೋಡದೆ ಹೋಗೋದುಂಟಾ ಅಂತ ಅಪ್ಪನ ಹಟ. 1893ರ ಸರ್ವಧರ್ಮ ಸಮ್ಮೇಳನ ನಡೆದ ಕಟ್ಟಡದಲ್ಲೇ ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಇರೋದು. ನೋಡಿದ್ವಿ, ಫೋಟೋ ಆಯ್ತು. ಇಷ್ಟು ದುಡ್ಡು ಕೊಟ್ಟು ಒಳಗೆ ಬಂದ ಮೇಲೆ ಚಿತ್ರಗಳನ್ನೂ ನೋಡೇ ಹೋಗೋಣ ಅಂದ್ರು ಅಮ್ಮ. ಮಂಡಿನೋವು ಬೇರೆ, ಪ್ರತಿ ಕೋಣೆಯಲ್ಲೂ ಬೆಂಚು ಹುಡುಕ್ತಾ ಹೋಗ್ತಿದ್ವಿ.

ಹಾಗೆ ಹೋಗ್ತಾ ಸಿಕ್ಕಿದ್ದು ಪಿಕಾಸೋನ ‘ದಿ ಓಲ್ಡ್ ಗಿಟಾರಿಸ್ಟ್’. ಅಮ್ಮ ಬೆಂಚು ಮರೆತು ನಿಂತುಬಿಟ್ರು. “ಪಾಪ, ಊಟ ಮಾಡಿ ಎಷ್ಟು ದಿನ ಆಯ್ತೋ. ಆದ್ರೂ ಬಾರಿಸೋದು ಬಿಟ್ಟಿಲ್ಲ ನೋಡು” ಅಂದ್ರು. ಅಪ್ಪ ಒಪ್ಪಲಿಲ್ಲ. “ಎಲ್ಲಿ ಬಾರಿಸ್ತಿದ್ದಾನೆ? ಕೈಯಲ್ಲಿ ಜೀವವೇ ಇಲ್ಲ. ಹಿಡ್ಕೊಂಡು ಕೂತವನು ಕೂತ ಹಾಗೇ ಹೋಗಿಬಿಟ್ಟಿದ್ದಾನೆ.” ಇದು ರೈಲು ಹತ್ತೋವರೆಗೂ ನಡೀತು, ಮನೆಗೆ ಬಂದು ಸಾರು ಬಿಸಿ ಮಾಡೋವಾಗಲೂ ನಡೀತು. ಇಬ್ಬರೂ ವಾಪಸ್ ಊರಿಗೆ ಹೋಗಿಯಾಯ್ತು, ಫೋನಿನಲ್ಲಿ ಈಗಲೂ ನಡೀತಿದೆ. ಇಲ್ಲಿ ಚಿತ್ರಕಲೆ ಗೊತ್ತಿರೋರು, ಸಂಗೀತ ಗೊತ್ತಿರೋರು ಇದ್ದೀರಿ. ದಯವಿಟ್ಟು ಪಂಚಾಯ್ತಿ ಮಾಡಿ.

ಸುಮ್ನೆ_ಬಂದೆ
ಪಿಕಾಸೋ ಕಾಲದಲ್ಲಿ ನೀಲಿ ಬಣ್ಣ ಅಗ್ಗ ಇತ್ತು, ಕೈಯಲ್ಲಿ ಕಾಸಿರಲಿಲ್ಲ, ಅದಕ್ಕೇ ಎಲ್ಲಾ ನೀಲಿ ಬಳಿದ. ನಾವು ನೂರು ವರ್ಷದಿಂದ ಅದಕ್ಕೆ ಅರ್ಥ ಹಚ್ತಾ ಕೂತಿದ್ದೀವಿ. ಮುಗೀತು ಪಂಚಾಯ್ತಿ.

ಬಣ್ಣದ_ಬುಡ್ಡಿ
ಸುಮ್ನೆ ಬಂದವರೇ, ಸ್ವಲ್ಪ ಕೂತು ಹೋಗಿ. ನಾನು ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಈ ಅಗ್ಗದ ಬಣ್ಣದ ಕಥೆಯನ್ನು ಪ್ರತಿ ವರ್ಷವೂ ಯಾವನೋ ಒಬ್ಬ ಹುಡುಗ ಹೇಳ್ತಿದ್ದ. ಪ್ರಷ್ಯನ್ ಬ್ಲೂ ಅನ್ನೋ ನೀಲಿ ದುಬಾರಿಯಲ್ಲ, ನಿಜ. ಒಂದು ಬೆಂಕಿಕಡ್ಡಿ ತುದಿಯಷ್ಟು ತಗೊಂಡು ಬಿಳಿಗೆ ಬೆರೆಸಿದ್ರೆ ಪ್ಯಾಲೆಟ್ಟೇ ನೀಲಿಯಾಗುತ್ತೆ, ಉಗುರು ಸಂದಿಯಿಂದ ವಾರವಾದ್ರೂ ಹೋಗಲ್ಲ. ಆದರೆ ಬಡ ಚಿತ್ರಕಾರನಿಗೆ ಅದಕ್ಕಿಂತ ಅಗ್ಗದ ಮಣ್ಣಿನ ಬಣ್ಣಗಳು ಬೇಕಾದಷ್ಟಿದ್ವು, ಕಾವಿ, ಗೋಪಿ, ಕಂದು. ಕಾಸಿಲ್ಲ ಅಂತಲೇ ಆಗಿದ್ರೆ ಅವನ ಚಿತ್ರಗಳೆಲ್ಲ ಮಣ್ಣಿನ ಬಣ್ಣದಲ್ಲಿರಬೇಕಿತ್ತು. ದುಡ್ಡಿನ ಅಭಾವ ಕಾಣೋದು ಬೇರೆ ಕಡೆ. ಅದನ್ನು ಆಮೇಲೆ ಹೇಳ್ತೀನಿ.

ನೀಲಿಗೆ ಕಾರಣ ಒಂದು ಸಾವು. ಪಿಕಾಸೋನ ಜೀವದ ಗೆಳೆಯ ಕಾರ್ಲೆಸ್ ಕಾಸಾಜೆಮಾಸ್. 1900ರಲ್ಲಿ ಬಾರ್ಸಿಲೋನಾದಲ್ಲಿ ಇಬ್ಬರೂ ಸೇರಿ ಒಂದು ಕೋಣೆ ಹಿಡಿದಿದ್ರು. ಸಾಮಾನು ಕೊಳ್ಳೋಕೆ ದುಡ್ಡಿಲ್ಲ ಅಂತ ಗೋಡೆಗಳ ಮೇಲೆ ಬೀರು, ಮಂಚ, ಊಟ ಬಡಿಸಿದ ಮೇಜು, ಕೊನೆಗೆ ಕೈಗೊಬ್ಬ ಆಳನ್ನೂ ಬಿಡಿಸಿಕೊಂಡಿದ್ರಂತೆ. ಮಾರನೇ ವರ್ಷ, 1901ರ ಫೆಬ್ರವರಿ 17ರಂದು, ಪ್ಯಾರಿಸ್ಸಿನ ಒಂದು ಕೆಫೆಯಲ್ಲಿ ಕಾಸಾಜೆಮಾಸ್ ತನಗೆ ಒಲಿಯದ ಹುಡುಗಿಯ ಕಡೆ ಗುಂಡು ಹಾರಿಸಿ, ಅದು ಗುರಿ ತಪ್ಪಿದ ಮೇಲೆ ತಾನೇ ಹೊಡ್ಕೊಂಡು ಸತ್ತ. ಆಗ ಪಿಕಾಸೋ ಮ್ಯಾಡ್ರಿಡ್‌ನಲ್ಲಿದ್ದ. ಆ ಗೆಳೆಯನ ನೆನಪಿನಲ್ಲೇ ನೀಲಿಗೆ ಇಳಿದದ್ದು ಅಂತ ವಯಸ್ಸಾದ ಮೇಲೆ ಅವನೇ ಹೇಳಿದ್ದಾನೆ. 1903ರ ಶುರುವಿನಲ್ಲಿ ಬಾರ್ಸಿಲೋನಾಗೆ ವಾಪಸ್ ಬಂದಾಗ ಮತ್ತೊಬ್ಬ ಗೆಳೆಯನ ಜತೆ ಸೇರಿದ್ದು ಅದೇ ಕೋಣೆಗೆ! ಆ ವರ್ಷದ ಕೊನೆಗೆ ಶುರುವಾಗಿ 1904ರ ಆರಂಭಕ್ಕೆ ಮುಗಿದದ್ದು ಈ ಮುದುಕ. ಬರೆದವನಿಗೆ ಆಗ ಇಪ್ಪತ್ತೆರಡು.

ಸುಮ್ನೆ_ಬಂದೆ
ಸರಿ ಮೇಷ್ಟ್ರೇ, ಕೂತೆ.

ಗದುಗಿನ_ಗಾಳಿ
ನಮಸ್ಕಾರ್ರಿ ಎಲ್ಲಾರ್ಗೂ. ನಾ ಹುಟ್ಟಾ ಕಣ್ಣು ಕಾಣದಾವ. ಫೋನಿನ್ಯಾಗ ಟಾಕ್‌ಬ್ಯಾಕ್ ಹಾಕ್ಕೊಂಡು ನಿಮ್ಮ ಚರ್ಚಾ ಕೇಳಾಕತ್ತೀನಿ. ಹಾರ್ಮೋನಿಯಂ, ಗಾಯನ ಕಲಸ್ತೀನಿ, ಅದ ನನ್ನ ಹೊಟ್ಟಿಪಾಡು. ಒಂದ್ ಮಾತು. ನೀವು ಅಷ್ಟೂ ಮಂದಿ ಬಣ್ಣ ಹೇಳಿದ್ರಿ, ಸಾವು ಹೇಳಿದ್ರಿ. ಆ ಮನುಷ್ಯಾ ಹೆಂಗ ಕುಂತಾನ ಅಂತ ಒಬ್ರೂ ಹೇಳಲಿಲ್ಲ. ಫೋಟೋಕ್ಕ ನನ್ನ ಫೋನು ಬರೇ “ಚಿತ್ರ” ಅಂತೈತಿ. ಯಾರರೆ ಬಾಯಿ ಬಿಟ್ಟು ಹೇಳ್ರಿ. ಅವಂಗ ಕಣ್ಣು ಕಾಣ್ತಾವೇನು?

ಮಿಶಿಗನ್_ಬೀದಿ
ಅಯ್ಯೋ, ತಪ್ಪಾಯ್ತು ಸರ್. ಮೇಷ್ಟ್ರೇ, ನೀವೇ ಹೇಳಿ. ನಾನು ಹೇಳಿದ್ರೆ “ನೀಲಿಯಾಗಿದೆ” ಅಂದು ನಿಲ್ಲಿಸಿಬಿಡ್ತೀನಿ.

ಬಣ್ಣದ_ಬುಡ್ಡಿ
ನನ್ನದೂ ತಪ್ಪೇ. ಹೇಳ್ತೀನಿ ಕೇಳಿ ಸ್ವಾಮಿ.

ಮರದ ಹಲಗೆಯ ಮೇಲೆ ಎಣ್ಣೆಬಣ್ಣ. ಉದ್ದುದ್ದಕ್ಕೆ ನಿಂತ ಚೌಕಟ್ಟು. ಅದರೊಳಗೆ ಒಬ್ಬನೇ ಒಬ್ಬ ಮುದುಕ ನೆಲದ ಮೇಲೆ ಕಾಲು ಮಡಚಿ, ನಾವು ಊಟಕ್ಕೆ ಕೂರೋ ಹಾಗೆ ಕೂತಿದ್ದಾನೆ. ಬರಿಗಾಲು. ಮೈಮೇಲೆ ತೆಳ್ಳನೆಯ ಹರಕು ಬಟ್ಟೆ, ಒಂದು ಹೆಗಲು ಹರಿದ ಜಾಗದಿಂದ ಹೊರಗೆ ಬಂದಿದೆ, ಮೂಳೆ ಎಣಿಸಬಹುದು. ಕೈಕಾಲುಗಳು ಮಾಮೂಲು ಮನುಷ್ಯರದ್ದಕ್ಕಿಂತ ಉದ್ದ, ಸೋರೆಕಾಯಿ ಬಳ್ಳಿ ಹಾಗೆ ಎಳೆದುಕೊಂಡು ಹೋಗಿವೆ. ಕತ್ತು ಎಷ್ಟು ಬಗ್ಗಿದೆ ಅಂದ್ರೆ ಅದು ಕತ್ತೋ ಹೆಗಲ ಮುಂದುವರಿಕೆಯೋ ಗೊತ್ತಾಗಲ್ಲ, ತಲೆ ಹೆಚ್ಚುಕಡಿಮೆ ಅಡ್ಡಡ್ಡ ಮಲಗಿದೆ. ಬಿಳಿ ಗಡ್ಡ. ಬಾಯಿ ಒಂಚೂರು ತೆರೆದ ಹಾಗಿದೆ. ಕಣ್ಣು ಕಾಣಲ್ಲ ಅವನಿಗೆ. ಕಣ್ಣಿನ ಜಾಗದಲ್ಲಿ ಒಂದು ಗುಳಿ, ಒಂದು ನೆರಳು, ಅಷ್ಟೇ. ಒಂದು ಕೈ ಗಿಟಾರಿನ ಕತ್ತನ್ನು ಮೇಲುಗಡೆ ಹಿಡಿದಿದೆ. ಇನ್ನೊಂದು ಕೈ ತಂತಿಗಳ ಮೇಲೆ ಇಳಿಬಿದ್ದಿದೆ, ಉದ್ದ ಬೆರಳುಗಳು ಕೆಳಮುಖವಾಗಿ. ಹಿಂದೆ ಏನೂ ಇಲ್ಲ. ಗೋಡೆಯೋ ಆಕಾಶವೋ, ಒಂದು ನೀಲಿ. ಅವನ ಚರ್ಮ, ಬಟ್ಟೆ, ಗಡ್ಡದ ನೆರಳು ಎಲ್ಲದರಲ್ಲೂ ಅದೇ ನೀಲಿ. ಗಿಟಾರೊಂದು ಮಾತ್ರ ಕಂದು.

ಗದುಗಿನ_ಗಾಳಿ
ಭಾಳ ಚಲೋ ಹೇಳಿದ್ರಿ ಮಾಸ್ತರ. ಇನ್ನೊಮ್ಮಿ ಹಚ್ಚಿ ಕೇಳಿದೆ. ತಲಿ ಯಾವ ಕಡೆ ಬಗ್ಗೇತಿ? ವಾದ್ಯದ ಕಡೆನೋ, ಹೊರಗಡೆನೋ?

ಬಣ್ಣದ_ಬುಡ್ಡಿ
ವಾದ್ಯದ ಮೇಲೆಯೇ ತಲೆ ಇಳಿದಿದೆ. ಕೆನ್ನೆ ನೆಲದ ಕಡೆ.

ತಂತಿ_ಮೀಟು
ನಾನು ವೀಣೆಯವಳು. ಈ ಪ್ರಶ್ನೆ ಇಷ್ಟು ಹೊತ್ತೂ ನನಗೆ ಹೊಳೆದಿರಲಿಲ್ಲ, ಗದುಗಿನವರು ಸರಿಯಾದ ಕಡೆ ಬೆರಳಿಟ್ಟರು. ಗಿಟಾರ್ ಕಲಿಸುವವರು ಕುರ್ಚಿಯ ಮೇಲೆ ನೆಟ್ಟಗೆ ಕೂರಿಸುತ್ತಾರೆ, ಒಂದು ಪಾದದ ಕೆಳಗೆ ಪುಟ್ಟ ಸ್ಟೂಲು. ಇವನು ನೆಲದ ಮೇಲೆ ಕೂತು ವಾದ್ಯವನ್ನು ಎದೆಗೆ ಆನಿಸಿಕೊಂಡು ಅದರ ಮೇಲೆ ಬಾಗಿದ್ದಾನೆ. ಹೀಗೆ ಯಾವಾಗ ಬಾಗುತ್ತೇವೆ ಅಂದರೆ, ಶ್ರುತಿ ಮಾಡುವಾಗ. ಮದುವೆಮನೆಯ ಗದ್ದಲದಲ್ಲಿ ನಾನೂ ಕಿವಿಯನ್ನು ದಂಡಿಯ ಹತ್ತಿರ ತಂದೇ ಶ್ರುತಿ ನೋಡುವುದು. ಆದರೆ ಅವನ ಕೈ ತಂತಿ ಬಿಗಿಸುವ ಬಿರಡೆಯ ಮೇಲಿಲ್ಲ, ಕತ್ತಿನ ಮೇಲಿದೆ. ಆದ್ದರಿಂದ ಶ್ರುತಿಯೂ ಅಲ್ಲ. ನನ್ನ ಲೆಕ್ಕದಲ್ಲಿ ಈಗಷ್ಟೇ ಒಂದು ಸ್ವರ ಮೀಟಿದ್ದಾನೆ, ಬೆರಳು ಇಳಿಬಿಟ್ಟಿದ್ದಾನೆ, ಅದು ಆರುವವರೆಗೆ ಕೇಳುತ್ತಿದ್ದಾನೆ. ತಂತಿವಾದ್ಯದಲ್ಲಿ ಅರ್ಧ ಕೆಲಸ ಮೀಟಿದ ಮೇಲಿನದು.

ಮಿಶಿಗನ್_ಬೀದಿ
ಹಾಗಾದ್ರೆ ಅಪ್ಪ ಹೇಳಿದ್ದೂ ಸರಿ, ಅಮ್ಮ ಹೇಳಿದ್ದೂ ಸರಿ. ಈ ತೀರ್ಪು ಇಬ್ಬರಿಗೂ ಇಷ್ಟ ಆಗಲ್ಲ.

ಗದುಗಿನ_ಗಾಳಿ
ಅಕ್ಕಾರ, ನಿಮ್ಮ ಮಾತು ನನಗ ಪಟ್ ಅಂತ ಹತ್ತಿತು. ಆದ್ರ ನನ್ನ ಒಂದು ತಕರಾರು ಐತಿ, ಹೇಳೇಬಿಡ್ತೀನಿ. ದುಃಖ ತೋರ್ಸಬೇಕಂದ್ರ ಕುರುಡನ್ನ ತಂದು ಕುಂದರಸೋದು ಯಾಕ? ನಾ ಗದಗಿನ ಕಡಿಯಾವ. ನಮ್ಮಲ್ಲಿ ಪಂಚಾಕ್ಷರಿ ಗವಾಯಿಗಳು ಅಂಧರು, ಪುಟ್ಟರಾಜ ಗವಾಯಿಗಳು ಅಂಧರು. ಕಣ್ಣಿದ್ದ ಬಸವರಾಜ ರಾಜಗುರು ಅಂಥಾವ್ರು ಬಂದು ಅಜ್ಜಾವ್ರ ಮುಂದ ಕುಂತು ಕಲ್ತರು. ಪುಣ್ಯಾಶ್ರಮದಾಗ ಕುರುಡ ಗವಾಯಿ ಅಂದ್ರ ಮೂಲ್ಯಾಗ ಮುದುಡಿ ಕುಂತಾವ ಅಲ್ಲ, ನಡುಮನಿಯೊಳಗ ಕುಂತು “ಏ, ನಿನ್ನ ನಿಷಾದ ಇಳಿದೈತಿ” ಅಂತ ಗದರ್ಸಾವ. ನಿಮ್ಮ ಚಿತ್ರಕಾರಗ ಕಣ್ಣಿಲ್ಲದ ಮನುಷ್ಯಾ ಅಂದ್ರ ಬರೇ ಕತ್ತಲಿ. ನನಗ ಕತ್ತಲಿ ಅಂದ್ರ ಏನಂತನೂ ಗೊತ್ತಿಲ್ಲ, ಬೆಳಕು ಕಂಡಾವ್ರಿಗೆ ಕತ್ತಲಿ ಇರ್ತದ.

ಬಣ್ಣದ_ಬುಡ್ಡಿ
ಇದಕ್ಕೆ ನನ್ನ ಹತ್ರ ಪೂರಾ ಉತ್ತರ ಇಲ್ಲ. ನಿಮ್ಮ ತಕರಾರಿಗೆ ಇನ್ನೂ ಸೌದೆ ಹಾಕ್ತೀನಿ ಬೇಕಾದ್ರೆ. ಅದೇ 1903ರಲ್ಲಿ ಅವನು ‘ಕುರುಡನ ಊಟ’ ಅಂತ ಇನ್ನೊಂದು ಬರೆದ, ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿದೆ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈ ತಡಕಾಡ್ತಾ ಹೂಜಿಯನ್ನು ಹುಡುಕ್ತಿದೆ. 1904ರಲ್ಲಿ ‘ಸೆಲೆಸ್ತಿನಾ’, ಒಂದು ಕಣ್ಣು ಪೊರೆ ಬಂದ ಹೆಂಗಸು. ಕಣ್ಣು ಹೋಗೋದು ಅನ್ನೋದು ಆ ಹುಡುಗನನ್ನು ಹಿಡ್ಕೊಂಡಿತ್ತು. ಕಣ್ಣಿನಿಂದಲೇ ಬದುಕೋ ಕಸುಬಿನವನಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಯಾವುದು? ಅಂದ್ರೆ ಅವನು ಬರೆದದ್ದು ಕುರುಡನನ್ನಲ್ಲ, ತನ್ನ ಭಯವನ್ನು. ಕುರುಡರ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ ಅಂತ ನೀವಂದ್ರೆ ನಾನು ಜಗಳಕ್ಕೆ ಬರಲ್ಲ.

ಆದರೆ ತಲೆ ಬಾಗಿಸಿದ್ದನ್ನು ಮಾತ್ರ ಅವನು ಎಲ್ಲೋ ಕಣ್ಣಾರೆ ನೋಡಿರಬೇಕು ಅಂತ ತಂತಿಯಮ್ಮನ ಮಾತು ಕೇಳಿದ ಮೇಲೆ ಅನ್ನಿಸ್ತಿದೆ. ಉಳಿದದ್ದು ಎಲ್ ಗ್ರೆಕೊ.

ಸುಮ್ನೆ_ಬಂದೆ
ಅವನ್ಯಾರು ಮತ್ತೆ?

ಬಣ್ಣದ_ಬುಡ್ಡಿ
ಕ್ರೀಟ್ ದ್ವೀಪದಲ್ಲಿ ಹುಟ್ಟಿ ಸ್ಪೇನಿನ ಟೊಲೆಡೊದಲ್ಲಿ 1614ರಲ್ಲಿ ತೀರಿಕೊಂಡ ಚಿತ್ರಕಾರ. ಅವನ ಸಂತರೆಲ್ಲ ಹೀಗೇ ಎಳೆದ ಹಾಗೆ, ದೀಪದ ಜ್ವಾಲೆ ಹಾಗೆ ಉದ್ದ. ಬಹಳ ಕಾಲ ಜನ ಅವನನ್ನು ಮೂಲೆಗೆ ಹಾಕಿದ್ರು. ಪಿಕಾಸೋ ಹುಡುಗನಾಗಿದ್ದಾಗ ಬಾರ್ಸಿಲೋನಾದ ಕಲಾವಿದರು ಅವನನ್ನು ಮತ್ತೆ ತಲೆ ಮೇಲೆ ಹೊತ್ರು. ಅಕ್ಷರಶಃ ಹೊತ್ರು. 1894ರಲ್ಲಿ ಸಾಂತಿಯಾಗೊ ರುಸಿನ್ಯೋಲ್ ಅನ್ನೋ ಚಿತ್ರಕಾರ ಎಲ್ ಗ್ರೆಕೊನ ಎರಡು ಚಿತ್ರ ಕೊಂಡು, ಸಮುದ್ರದಂಡೆಯ ಸಿತ್ಜೆಸ್ ಊರಿನಲ್ಲಿ ಉತ್ಸವಮೂರ್ತಿ ಹೊರಡಿಸಿದ ಹಾಗೆ ಮೆರವಣಿಗೆ ಮಾಡಿಸಿದ. ಅದೇ ಗುಂಪಿನವರು ಸೇರ್ತಿದ್ದ ‘ನಾಲ್ಕು ಬೆಕ್ಕು’ ಅನ್ನೋ ಕೆಫೆಯಲ್ಲೇ ಪಿಕಾಸೋ 1900ರಲ್ಲಿ ಮೊದಲ ಪ್ರದರ್ಶನ ಮಾಡಿದ್ದು. ಹಾಗಾಗಿ ಈ ಭಿಕ್ಷುಕನಿಗೆ ಸಂತನ ಮೈ ಬಂದಿದೆ.

ಸೀಸದ_ಏಪ್ರನ್
ತಡವಾಗಿ ಬಂದೆ. ಡ್ಯೂಟಿ ಇತ್ತು. ನಾನು ಎಕ್ಸ್‌ರೇ ಟೆಕ್ನಿಷಿಯನ್. ಈ ಚಿತ್ರದಲ್ಲಿ ಇನ್ನೊಬ್ಬಳು ಇದ್ದಾಳೆ, ಯಾರೂ ಹೇಳಲೇ ಇಲ್ಲ! ಮುದುಕನ ಕತ್ತಿನ ಮೇಲ್ಗಡೆ ಗಮನ ಇಟ್ಟು ನೋಡಿ, ಒಂದು ಹೆಂಗಸಿನ ಮುಖ ಮಸುಕಾಗಿ ಇಣುಕುತ್ತೆ. ವಯಸ್ಸಾಗ್ತಾ ಎಣ್ಣೆಬಣ್ಣ ತೆಳುವಾಗಿ ಪಾರದರ್ಶಕ ಆಗುತ್ತಂತೆ, ಅಡಿಯಲ್ಲಿದ್ದದ್ದು ಮೇಲೆ ಬರುತ್ತೆ.

ಎಕ್ಸ್‌ರೇ ಹಾಕಿ ನೋಡಿದ್ದಾರೆ. ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದು ನನ್ನ ಕಸುಬಿನವರಿಗೆ ಬೇಗ ಅರ್ಥವಾಗುತ್ತೆ. ಆ ಕಾಲದ ಬಿಳಿ ಬಣ್ಣದಲ್ಲಿ ಸೀಸ ಇರ್ತಿತ್ತು. ನಾವು ಎಕ್ಸ್‌ರೇ ರೂಮಿನಲ್ಲಿ ಸೀಸದ ಏಪ್ರನ್ ಕಟ್ಟಿಕೊಳ್ಳೋದೂ ಅದೇ ಕಾರಣಕ್ಕೆ, ಸೀಸ ಕಿರಣವನ್ನು ತಡೆಯುತ್ತೆ. ಅಡಿಯ ಚಿತ್ರದಲ್ಲಿ ಎಲ್ಲೆಲ್ಲಿ ಬಿಳಿ ದಪ್ಪಗಿತ್ತೋ ಅದು ಫಿಲ್ಮಿನಲ್ಲಿ ಮೂಳೆ ಹಾಗೆ ಬೆಳ್ಳಗೆ ಎದ್ದು ಬರುತ್ತೆ. ಇನ್‌ಫ್ರಾರೆಡ್ ಬೇರೆ ಥರ, ಮೇಲಿನ ಎಷ್ಟೋ ಬಣ್ಣಗಳನ್ನು ದಾಟಿ ಹೋಗಿ ಇದ್ದಿಲಿನಂಥ ಕರಿ ಗೆರೆಗಳನ್ನು ತೋರಿಸುತ್ತೆ. 1998ರಲ್ಲಿ ಇದಕ್ಕೆ ಇನ್‌ಫ್ರಾರೆಡ್ ಪರೀಕ್ಷೆ ಆಯ್ತು. ಕೂತ ಒಬ್ಬ ಎಳೇ ತಾಯಿ, ಪಕ್ಕದಲ್ಲಿ ಮಂಡಿಯೂರಿದ ಮಗು, ಇನ್ನೊಂದು ಪಕ್ಕ ಒಂದು ಕರು. ಅದೂ ಅಲ್ಲದೆ ತಲೆ ಬಗ್ಗಿಸಿದ ಒಬ್ಬ ಮುದುಕಿ. ಪಿಕಾಸೋ ಗೆಳೆಯ ಮ್ಯಾಕ್ಸ್ ಜಾಕೋಬ್‌ಗೆ ಬರೆದ ಒಂದು ಕಾಗದದಲ್ಲಿ ಇದೇ ತಾಯಿಯ ಸ್ಕೆಚ್ ಇತ್ತು. ಅದರಲ್ಲಿ ಹಸು ಕರುವಿನ ತಲೆ ನೆಕ್ತಾ ಇದೆ. ಎರಡೂ ಒಂದೇ ಅಂತ ಗುರುತಿಸಿದ್ದು ಕ್ಲೀವ್‌ಲ್ಯಾಂಡ್ ಮ್ಯೂಸಿಯಂನವರು.

ಬಣ್ಣದ_ಬುಡ್ಡಿ
ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ, ದುಡ್ಡಿಲ್ಲದ್ದು ಕಾಣೋದು ಇಲ್ಲಿ! ಹೊಸ ಹಲಗೆ ಕೊಳ್ಳೋಕಾಗದೆ ಇದ್ದದ್ದರ ಮೇಲೇ ಬರೆದ. ನಮ್ಮ ಕಾಲೇಜಿನಲ್ಲೂ ಹಾರ್ಡ್‌ಬೋರ್ಡಿಗೆ ಬಿಳಿ ಹೊಡೆದು ಮೂರು ಮೂರು ಪರೀಕ್ಷೆ ಬರೀತಿದ್ವಿ.

ತಂತಿ_ಮೀಟು
ತಾಯಿ, ಮಗು, ಹಸು, ಕರು. ಅಷ್ಟು ತುಂಬಿದ ಮನೆಯನ್ನು ಮುಚ್ಚಿ ಅದರ ಮೇಲೆ ಈ ಒಂಟಿಯನ್ನು ಕೂರಿಸಿದನಲ್ಲ.

ಸುಮ್ನೆ_ಬಂದೆ
ಆ ಅಡಿಯ ಚಿತ್ರವನ್ನು ಕಂಪ್ಯೂಟರ್‌ನಿಂದ ಬಣ್ಣ ತುಂಬಿಸಿ ಬರೆಸಿದ್ದಾರೆ ಅಂತ ಎಲ್ಲೋ ಓದಿದ್ದೆ.

ಸೀಸದ_ಏಪ್ರನ್
ಹೌದು, 2019ರಲ್ಲಿ. ಲಂಡನ್ನಿನ ಇಬ್ಬರು ಸಂಶೋಧಕರು ಆ ಗೆರೆಗಳನ್ನು ತಗೊಂಡು, ಪಿಕಾಸೋನ ನೀಲಿ ಶೈಲಿಯನ್ನು ಅದಕ್ಕೆ ಹೊದಿಸಿದ್ರು.

ಬಣ್ಣದ_ಬುಡ್ಡಿ
ನೋಡಿದೆ. ಅವನೇ ಬೇಡ ಅಂತ ಮುಚ್ಚಿದ್ದನ್ನು ಅವನ ಕೈಬರಹದಲ್ಲೇ ಬರೆಸೋದು ಫೋರ್ಜರಿಗೆ ಹತ್ತಿರ ಅನ್ನಿಸ್ತು ನನಗೆ. ಎಕ್ಸ್‌ರೇ ಫಿಲ್ಮೇ ಇದಕ್ಕಿಂತ ಚಂದ.

ಮಿಶಿಗನ್_ಬೀದಿ
ಮ್ಯೂಸಿಯಂ ಬೋರ್ಡಿನಲ್ಲಿ ಹೆಲೆನ್ ಬರ್ಚ್ ಬಾರ್ಟ್‌ಲೆಟ್ ನೆನಪಿನ ಸಂಗ್ರಹ ಅಂತಿತ್ತು. ಆಮೇಲೆ ಹುಡುಕಿದೆ. ಫ್ರೆಡರಿಕ್ ಕ್ಲೇ ಬಾರ್ಟ್‌ಲೆಟ್ ಅಂತ ಶಿಕಾಗೋ ಚಿತ್ರಕಾರ, 1925ರಲ್ಲಿ ಹೆಂಡತಿ ತೀರಿಕೊಂಡ್ರು. ಮಾರನೇ ವರ್ಷ ಅವರ ಹೆಸರಿನಲ್ಲಿ ಇದನ್ನು ಕೊಟ್ಟಿದ್ದು. ವ್ಯಾನ್ ಗೋನ ಮಲಗೋ ಕೋಣೆ, ಸೆರಾ ಅನ್ನೋ ಚಿತ್ರಕಾರನ ಭಾನುವಾರದ ದ್ವೀಪ, ಅವೂ ಅದೇ ಸಂಗ್ರಹದವು. ಅಮೆರಿಕದ ಮ್ಯೂಸಿಯಮೊಂದು ಪಿಕಾಸೋ ಚಿತ್ರವನ್ನು ಕಾಯಂ ಇಟ್ಟುಕೊಂಡದ್ದು ಅದೇ ಮೊದಲಂತೆ.

ಅಂದ ಹಾಗೆ ಕನ್ನಡದಲ್ಲಿ ಇದಕ್ಕೆ ಏನನ್ನೋಣ? ‘ವೃದ್ಧ ಗಿಟಾರ್ ವಾದಕ’ ಅಂದ್ರೆ ಆಕಾಶವಾಣಿ ಕಲಾವಿದರ ಪಟ್ಟಿ ಓದಿದ ಹಾಗಿರುತ್ತೆ.

ತಂತಿ_ಮೀಟು
‘ಗಿಟಾರಿನಜ್ಜ’.

ಗದುಗಿನ_ಗಾಳಿ
ಗಿಟಾರಜ್ಜ! ಇದು ಚಲೋ ಆತು. ನಮ್ಮಲ್ಲಿ ಅಜ್ಜಾರು ಅಂದ್ರ ಗುರುಗಳು. ನನ್ನ ತಕರಾರು ಅರ್ಧಾ ಇಳೀತು.

ಎರಡು ಪ್ರಶ್ನೆ ಉಳದಾವ. ಒಂದು, ಆ ಕಂದು ಬಣ್ಣದ ಗಿಟಾರು. ನೀಲಿಯೊಳಗ ಕಂದು ಅಂದ್ರ ಹೆಂಗ? ನನಗ ಎರಡೂ ಬರೇ ಹೆಸರು. ಎರಡನೇದು, ಹಲಗಿ ಎಷ್ಟು ದೊಡ್ಡದು?

ತಂತಿ_ಮೀಟು
ಮೊದಲನೆಯದಕ್ಕೆ ನಾನು ಪ್ರಯತ್ನ ಮಾಡುತ್ತೇನೆ. ಮಾಗಿಯ ಬೆಳಗಿನ ಜಾವ ಬಾಗಿಲು ತೆರೆದು ವೀಣೆ ತೆಗೆಯುತ್ತೇನೆ ಅಂದುಕೊಳ್ಳಿ. ನೆಲ ತಣ್ಣಗೆ, ಗೋಡೆ ತಣ್ಣಗೆ, ವೀಣೆಯ ಹಿತ್ತಾಳೆ ಮೆಟ್ಟಿಲು ತಣ್ಣಗೆ, ನನ್ನ ಬೆರಳೂ ತಣ್ಣಗೆ. ಹಲಸಿನ ಮರದ ಕೊಡ ಮಾತ್ರ ತೊಡೆಗೆ ತಾಗಿದ ಕೂಡಲೇ ಅಷ್ಟು ತಣ್ಣಗಿರುವುದಿಲ್ಲ. ಕಂದು ಅಂದರೆ ಅದು.

ಗದುಗಿನ_ಗಾಳಿ
ತಿಳೀತು. ಪೂರಾ ತಿಳೀತು ಅಕ್ಕಾರ. ನಮ್ಮ ಹಾರ್ಮೋನಿಯಂ ಪೆಟಗಿಯೂ ಹಂಗ.

ಬಣ್ಣದ_ಬುಡ್ಡಿ
ಅಳತೆ: 122.9 ಸೆಂಟಿಮೀಟರ್ ಎತ್ತರ, 82.6 ಅಗಲ. ನಾಲ್ಕಡಿ ಮೇಲೆ ಚಿಲ್ಲರೆ, ಅಗಲ ಎರಡೂಮುಕ್ಕಾಲಡಿ ಹತ್ರ.

ಗದುಗಿನ_ಗಾಳಿ
(ಮರುದಿನ)
ಮಾಸ್ತರ, ಒಂದು ಕೆಲಸ ಮಾಡಿದೆ. ಒಬ್ಬ ಶಿಷ್ಯ ದಾರ ಅಳತಿ ಮಾಡಿ ಗಂಟು ಹಾಕಿ ಕೊಟ್ಟ, ನಿಮ್ಮ 122.9ಕ್ಕ ಸರಿಯಾಗಿ. ಗೋಡಿಗೆ ಮೊಳಿ ಹೊಡದು, ದಾರ ನೆಲದ ಮಟಾ ಇಳೆ ಬಿಟ್ಟು, ಅದರ ಮಗ್ಗಲಕ ಪಡಸಾಲ್ಯಾಗ ಚಕ್ಕಳಮಕ್ಕಳ ಹಾಕಿ ನೆಟ್ಟಗ ಕುಂತೆ. ನಾ ಏನ್ ಗಿಡ್ಡ ಅಲ್ಲ. ಆದ್ರೂ ನನ್ನ ನೆತ್ತಿ ಮ್ಯಾಲ ಒಂದೂವರಿ ಗೇಣು ಜಾಗ ಉಳೀತು. ಈಗ ಹೇಳ್ರಿ, ಆ ಅಜ್ಜನ ತಲಿ ಮ್ಯಾಲ ಎಷ್ಟು ಜಾಗ ಐತಿ?

ಬಣ್ಣದ_ಬುಡ್ಡಿ
ಹೆಚ್ಚೇನಿಲ್ಲ. ಅಷ್ಟು ಕತ್ತು ಬಗ್ಗಿಸಿದ್ರೂ ತಲೆ ಮೇಲಿನ ಅಂಚಿಗೆ ಹತ್ತಿರ ಇದೆ.

ಗದುಗಿನ_ಗಾಳಿ
ಅಂದ್ರ ಅವ ನಮಗಿಂತ ದೊಡ್ಡಾಂವ. ಕತ್ತು ನೆಟ್ಟಗ ಮಾಡಿದ್ರ ಚೌಕಟ್ಟಿನ ಹೊರಗ ಹೊಕ್ಕಾನ.

ಬಣ್ಣದ_ಬುಡ್ಡಿ
ಮೂವತ್ತು ವರ್ಷ ಈ ಚಿತ್ರ ಪಾಠ ಮಾಡಿದೀನಿ ಸ್ವಾಮಿ. ಅವನು ಸಣ್ಣಗೆ ಕುಗ್ಗಿ ಹೋಗಿದ್ದಾನೆ ಅಂತಲೇ ಹೇಳಿಕೊಟ್ಟೆ. ಒಂದು ದಿನ ಟೇಪ್ ಹಿಡಿದು ನೆಲದ ಮೇಲೆ ಕೂತು ನೋಡಿರಲಿಲ್ಲ.

ಮಿಶಿಗನ್_ಬೀದಿ
ಇದನ್ನ ಈಗಲೇ ಅಪ್ಪನಿಗೆ ಫೋನ್ ಮಾಡಿ ಹೇಳ್ತೀನಿ. ಅಲ್ಲಿ ಬೆಳಗಿನ ಜಾವ ಐದು ಗಂಟೆ, ಎದ್ದಿರ್ತಾರೆ.

ಗದುಗಿನ_ಗಾಳಿ
ಹೇಳ್ರಿ ಹೇಳ್ರಿ. ನಾ ಹಾರ್ಮೋನಿಯಂ ತೊಡಿ ಮ್ಯಾಲ ಇಟ್ಕೊಂಡು, ತಲಿ ಅಡ್ಡ ಮಾಡಿ, ಆ ಅಜ್ಜನಂಗ ಒಂದ್ ಸಲ ಕುಂತು ನೋಡಿದೆ. ಮಧ್ಯಮದ ಮ್ಯಾಲ ಬೆರಳಿಟ್ಟು ಬಿಟ್ಟೆ. ಧ್ವನಿ ಸೀದಾ ಕಿವಿಯೊಳಗ ಇಳೀತೈತ್ರಿ. ಅಷ್ಟರಾಗ ನಮ್ಮ ಮನಿಯವರು ಬಂದು “ಗೋಡಿಗೆ ಮೊಳಿ ಯಾಕ ಹೊಡದ್ರಿ, ಮೊನ್ನೆರ ಸುಣ್ಣಾ ಹಚ್ಚೇತಿ” ಅಂದ್ರು.